ಪಕ್ಕದ ಮನೆಯ ಹದಿನೆಂಟು ನಿಂಬೆ

ಅಡುಗೆಮನೆಯ ಮೇಜಿನಿಂದ,
ಹನ್ನೊಂದನೆಯ ತಾರೀಕು, ಗುರುವಾರ

ಪ್ರೀತಿಯ ಅಕ್ಕಾ,

‘ಹಣ್ಣು ತಾನು ಬಂದ ದಾರಿಯ ಮರೆಯದು’ ಅಂತಲೋ ಏನೋ, ಎಲ್ಲೋ ಓದಿದ ಸಾಲೊಂದು ಎರಡು ದಿನದಿಂದ ತಲೆಯಲ್ಲಿದೆ. ನಿಜವೇ ಅದು? ಹೆಚ್ಚಿ, ಸಕ್ಕರೆ ಹಾಕಿ ಕುದಿಸಿದ ಮೇಲೆ ಯಾವ ನಿಂಬೆಗೆ ತನ್ನ ಮರದ ನೆನಪಿರುತ್ತದೆ? ಇರಲಿ, ಮೊದಲು ನಿನ್ನ ಕಾಲು ಹೇಗಿದೆ ಹೇಳು. ಪಟ್ಟಿ ಬಿಚ್ಚಿದರೇ? ಮಗಳ ಮನೆಯ ಮೆಟ್ಟಿಲು ಹತ್ತಲು ಹೋಗಬೇಡ. ನಿನ್ನ ಹಠ ನನಗೆ ಗೊತ್ತು.

ಇನ್ನು ನನ್ನ ತಪ್ಪಿನ ವಿಷಯ. ಕಳೆದ ವಾರ ಜಾಮ್ ಮಾಡುವಾಗ ನಿನ್ನ ತೋಟದ ನಿಂಬೆ ಸಾಲಲಿಲ್ಲ. ಒಲೆಯ ಮೇಲೆ ಪಾಕ ಕುದಿಯುತ್ತಿತ್ತು. ಪಕ್ಕದ ಮನೆಯ ಟೀಚರಮ್ಮ ಬೇಲಿಯಾಚೆಯಿಂದ ಹದಿನೆಂಟು ಹಣ್ಣು ಕೊಟ್ಟರು. ಅವರ ಮರ ಒಂದು ಹನಿ ಔಷಧಿಯನ್ನೂ ಕಂಡಿಲ್ಲವಲ್ಲ ಎಂದುಕೊಂಡು ಹಿಂದುಮುಂದು ನೋಡದೆ ಸುರಿದುಬಿಟ್ಟೆ. ಐವತ್ತೆರಡು ಬಾಟಲಿಗೂ ‘ಸಾವಯವ’ ಲೇಬಲ್, ಕೆಳಗೆ ನಿನ್ನ ಪ್ರಮಾಣಪತ್ರದ ಸಂಖ್ಯೆ. ಅಂಟಿಸಿ ಮುಗಿದ ಮೇಲೆ ಟೀಚರಮ್ಮನ ಹಣ್ಣು ನೆನಪಾಯಿತು. ಆ ಸಂಖ್ಯೆಗಾಗಿ ಮೂರು ವರ್ಷ ಗೊಬ್ಬರದ ಬುಟ್ಟಿ ಹೊತ್ತವಳು ನೀನು. ಪ್ರಮಾಣಪತ್ರವಿಲ್ಲದ ಮರದ ಹಣ್ಣು ಅದರ ಹೆಸರಿನಲ್ಲಿ ಅಂಗಡಿ ಸೇರಿದ್ದರೆ ನಿನ್ನ ಪ್ರಮಾಣಪತ್ರವೇ ರದ್ದಾಗಬಹುದಿತ್ತು.

ಪ್ರಮಾಣಪತ್ರ ಕೊಡುವ ಸಂಸ್ಥೆಯ ತಪಾಸಣೆಯ ಅಧಿಕಾರಿಗೆ ನಾನೇ ಫೋನ್ ಮಾಡಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಆಕೆ ಬಂದು ಬಾಟಲಿಯೊಂದನ್ನು ಬೆಳಕಿಗೆ ಹಿಡಿದು, “ಹಣ್ಣು ಒಳ್ಳೇದೇ ಇರ್ಬೋದು ಮೇಡಂ. ಆದ್ರೆ ಲೇಬಲ್ ಮೇಲೆ ಬರೆಯೋದು ನಂಬಿಕೆ ಅಲ್ಲ, ದಾಖಲೆ” ಎಂದರು. ಬಾಟಲಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಲೇಬಲ್ ಕಿತ್ತೆ. ಆಕೆಯೂ ಅಂಗಿಯ ತೋಳು ಮಡಚಿ ಜೊತೆಗೆ ಕೂತರು. ಅಂಗಡಿಗೆಂದು ನಾನು ಅಲಂಕಾರವಾಗಿ ಬರೆದಿದ್ದ ‘ನೂರಕ್ಕೆ ನೂರು ಸಾವಯವ’ ಬೋರ್ಡನ್ನು ಓದಿ, “ಜಾಹೀರಾತಿಗೂ ಇದೇ ನಿಯಮ” ಎಂದು ನಕ್ಕರು. ಗದರದೆ ತಿದ್ದುವವರು ಸಿಗುವುದು ಪುಣ್ಯ ಅಕ್ಕಾ. ನಿನ್ನನ್ನು ಬಿಟ್ಟರೆ ನನಗೆ ಹಾಗೆ ಕಲಿಸಿದವರು ಅವರೊಬ್ಬರೇ.

ಮಗಳಿಗೆ ನನ್ನ ಪ್ರೀತಿ, ಅಳಿಯಂದಿರಿಗೆ ನಮಸ್ಕಾರ. ನೀನು ಬೇಗ ನಡೆದಾಡುವಂತಾಗಲಿ.

ನಿನ್ನ ಅವಸರದ
ತಂಗಿ

ಪತ್ರ ಮಡಚುವಷ್ಟರಲ್ಲಿ ಅಧಿಕಾರಿಯ ವರದಿ ಬಂತು: ನಿನ್ನ ಪ್ರಮಾಣಪತ್ರಕ್ಕೆ ಏನೂ ಆಗಿಲ್ಲ! ಟೀಚರಮ್ಮನಿಗೆ ಹೇಗೆ ಹೇಳಲಿ ಎಂದು ಇಷ್ಟು ದಿನ ಅಳುಕಿದ್ದೆ. ಇವತ್ತು ಎಲ್ಲ ಹೇಳಿಬಿಟ್ಟೆ. ಬಾಗಿಲಲ್ಲೇ ನಿಂತು ಹಣೆ ಚಚ್ಚಿಕೊಂಡರು: “ಅಯ್ಯೋ, ನನ್ನಿಂದ ನಿಮ್ಮಕ್ಕನ ದುಡಿಮೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಗ್ತಿತ್ತಲ್ಲೇ! ಆ ಪ್ರಮಾಣಪತ್ರದ ಅರ್ಜಿ ಎಲ್ಲಿ ಸಿಗತ್ತೆ ಹೇಳು, ನನ್ನ ಮರಕ್ಕೂ ಹಾಕ್ತೀನಿ. ನಂಗಿನ್ನೂ ಎಪ್ಪತ್ತೆಂಟು. ಮೂರು ವರ್ಷ ತಾನೇ, ಕಾಯ್ತೀನಿ.”