ಹಿಂಬಾಗಿಲ ಚಿಲಕ

ಫೆಬ್ರವರಿ ೬, ಸೋಮವಾರ

ಅಮೆರಿಕದ ಅಧ್ಯಕ್ಷ ಹುದ್ದೆಗೆ ನಮ್ಮ ಪಕ್ಷದ ಟಿಕೆಟ್ ಕೇಳುತ್ತಿರುವ ಆ ಹಾಲ್ವರ್ಸನ್ ಹೊರದೇಶದ ಕ್ಷಿಪಣಿಯ ಮಾತೆತ್ತಿದಾಗಲೆಲ್ಲ ಅವನ ಜನಪ್ರಿಯತೆ ಏರುತ್ತದಲ್ಲ, ನನಗೆ ಅದೇ ಗುಮಾನಿ. ಊರು ಹೆದರಿದರೆ ಅವನಿಗೇ ಹಬ್ಬ.

ಸಂಜೆ ಶಾಲೆಯ ಸಭಾಂಗಣದಲ್ಲಿ ನಾವು ಅಯೋವಾದವರು ಎಂದಿನಂತೆ ಮತಚೀಟಿ ಹಾಕದೆ, ತಲೆ ಎಣಿಸಲೆಂದು ಎಲ್ಲರೆದುರೇ ನಮ್ಮ ನಮ್ಮ ಅಭ್ಯರ್ಥಿಯ ಮೂಲೆಯಲ್ಲಿ ನಿಂತೆವು. ಹಾಲ್ವರ್ಸನ್‌ನ ಮೂಲೆಯಿಂದ ಪಕ್ಕದ ಮನೆಯ ಅರ್ಲೀನ್ ಕೂಗಿದಳು: "ಬಾರೇ ವಿಲ್ಮಾ, ಶತ್ರು ಬಾಗಿಲಿಗೇ ಬಂದಿದಾನೆ!"

"ಬಸ್ಸೇ ನಿಲ್ಲದ ಊರಿಗೆ ಶತ್ರು ಯಾಕೆ ಬರ್ತಾನೆ? ನಿನ್ನ ಸೇಬಿನ ಪೈ ತಿನ್ನೋಕಾ?" ಎಂದ ನನ್ನ ಗಂಡ ಮರ್ಲ್. ಎಲ್ಲರೂ ನಕ್ಕರು. ಗೆದ್ದದ್ದು ಮಾತ್ರ ಆ ಮೂಲೆಯೇ.

ಈಗ ನೋಡಿದರೆ, ಮದುವೆಯಾದಾಗಿನಿಂದ ನಾವು ಎಂದೂ ಭದ್ರ ಮಾಡದ ಹಿಂಬಾಗಿಲಿಗೆ ಮರ್ಲ್ ಚಿಲಕ ಹಾಕಿದ್ದಾನೆ. ಕೇಳಿದರೆ "ಗಾಳಿ ಕಣೇ" ಅಂದ. ಹೊರಗೆ ಗಾಳಿಯ ಸುಳಿವೇ ಇಲ್ಲ. ಚಿಲಕ ಸರಿಯಾಗಿ ಬಿದ್ದಿದೆಯೋ ಏನೋ, ಒಮ್ಮೆ ನೋಡಿಕೊಂಡು ಬಂದು ಮಲಗುತ್ತೇನೆ.