ಸುಪ್ರೀತಾ ವಾಪಸ್ ಬರುವುದಿಲ್ಲವಂತೆ

ಪುಷ್ಪಾ,

ಗಾಬರಿ ಬೇಡ, ಒಳ್ಳೆಯ ಸುದ್ದಿ. ನೈಟ್ ಡ್ಯೂಟಿ ಮಾಡಿ ಮಲಗಿದವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಮಗಳು ಮಂಗಳೂರಿನಿಂದ ಫೋನ್ ಮಾಡಿದ್ದಳು. ಹೋದ ವಾರ "ಪಪ್ಪಾ, ಅಜ್ಜಿಯ ಅಜ್ಜಿಗಿಂತ ಹಳೆಯ ಈ ಕಾಲೇಜು ನನಗೆ ಬೇಡ, ಎಲ್ಲರೂ ನನ್ನನ್ನು ಕುವೈತ್ ಅಂತಲೇ ಕರೀತಾರೆ" ಎಂದು ಅತ್ತವಳು ಇವಳೇನಾ ಅನ್ನಿಸಿತು. ನಿನ್ನೆ ಬಾಟನಿ ಮೇಡಂ ಕಾಲೇಜಿನ ಹಳೆ ಬಾವಿಕಟ್ಟೆಯ ಬದಿಯ ಎಲೆಯೊಂದನ್ನು ತೋರಿಸಿ "ಇದೆಂತ?" ಅಂತ ಕೇಳಿದರಂತೆ. ಎಲ್ಲರೂ ಒಂದೆಲಗದ ಲ್ಯಾಟಿನ್ ಹೆಸರು ಹುಡುಕುತ್ತಿರುವಾಗ ಇವಳು "ತಿಮರೆ! ನಮ್ಮ ಬಾಲ್ಕನಿಯಲ್ಲಿ ಉಂಟು!" ಎಂದು ಕಿರುಚಿದಳಂತೆ.

"ಕುವೈತಿನಲ್ಲಿ ತಿಮರೆಯಾ ಮಾರಾಯ್ತಿ?" ಎಂದು ಇಡೀ ಕ್ಲಾಸು ನಕ್ಕಿತಂತೆ. ಇವಳೂ ನಕ್ಕಳಂತೆ. ಸಂಜೆ ರೂಮಿನ ಹುಡುಗಿಯರೆಲ್ಲ ಸೇರಿ ಹಾಸ್ಟೆಲಿನ ಅಡುಗೆಮನೆಯಲ್ಲಿ ನಿನ್ನ ತಿಮರೆ ಚಟ್ನಿ ಅರೆದರಂತೆ. ಉಪ್ಪು ಹೆಚ್ಚಾಯಿತಂತೆ, ಆದರೂ ಪಾತ್ರೆ ಖಾಲಿ.

ಇದನ್ನೆಲ್ಲ ಅವಳು ಹೇಳಿದ್ದು ಪೂರಾ ತುಳುವಿನಲ್ಲಿ! ಇಲ್ಲಿ ನಾವು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು.

ಅವಳನ್ನು ಕರಕೊಂಡು ಬರಲೆಂದು ನೀನು ಹಾಕಿದ ರಜೆ ಇರಲಿ. ಹೋಗು, ನೋಡಿ ಬಾ. ರೂಮಿನವರಿಗೆ ಖರ್ಜೂರ ಬೇಕಂತೆ, ನಾಳೆ ತರುತ್ತೇನೆ. ಅವಳಿಗೆ ಮಾಡಿದ ಟಿಕೆಟ್ ಮಾತ್ರ ಖಲಾಸ್.

ಬಂಗುಡೆ ಗಸಿ ಫ್ರಿಜ್ಜಿನಲ್ಲಿ ಉಂಟು. ಬರೀ ಚಾ ಕುಡಿದು ಕೂರಬೇಡ, ಎಷ್ಟು ಸಲ ಹೇಳಬೇಕು ನಿನಗೆ!

ಅಹ್ಮದಿಗೆ ಕೆಲಸಕ್ಕೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತಿದೆ. ಊಟ ಆದ ಮೇಲೆ ಮಗಳಿಗೆ ಫೋನ್ ಮಾಡು. ಫೋನಿನಲ್ಲಿ ಮಾತ್ರ ಅಳಬೇಡ. ಅಳು ಬಂದರೆ ನನ್ನ ಹಾಗೆ ಮೊದಲೇ ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತು ಮುಗಿಸು.

ಸುಕುಮಾರ