ಅಪ್ಪನ ಸಿಗ್ನಲ್ ಕ್ಯಾಬಿನ್

ಅಕ್ಟೋಬರ್ ೧೪, ಮಂಗಳವಾರ. ಮಾದರಿ ರೈಲಿನ ಸಿಗ್ನಲ್ ಕ್ಯಾಬಿನ್‌ನಲ್ಲಿ ಇಂದು ಮಾಡಿದ ಬದಲಾವಣೆಗಳನ್ನು ದಾಖಲಿಸುವುದಷ್ಟೇ ನನ್ನ ಉದ್ದೇಶ.

ಕಿಟ್‌ನಲ್ಲಿ ಮೆಟ್ಟಿಲುಗಳು ಎಡಕ್ಕಿದ್ದವು. ಅಪ್ಪ ದುಡಿದ ಕ್ಯಾಬಿನ್ನಿಗೆ ಅವು ಬಲಕ್ಕಿದ್ದುದರಿಂದ ಕತ್ತರಿಸಿ ಬಲಕ್ಕೆ ಅಂಟಿಸಿದೆ. ಕೊನೆಯ ಕಿಟಕಿಯನ್ನು ಅರ್ಧ ತೆರೆದಿಟ್ಟೆ. ಹಾದುಹೋಗುವ ರೈಲು ಚಾಲಕರನ್ನು ಛೇಡಿಸಲೆಂದು ಅಪ್ಪ ಅದನ್ನು ಹಿಮ ಬೀಳುವಾಗಲೂ ಮುಚ್ಚುತ್ತಿರಲಿಲ್ಲ. ಗಣಿತದಲ್ಲಿ ತರಗತಿಗೇ ಮೊದಲಿಗಳಾದ ನನ್ನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ನಿಜವಾದ ಕ್ಯಾಬಿನ್ನನ್ನು ವಸಂತದಲ್ಲಿ ಕೆಡವಿದರು. ಅದನ್ನು ನೋಡಲು ಅಪ್ಪ ಉಳಿದಿರಲಿಲ್ಲ.

ಸಂಜೆ ಮಾದರಿ ರೈಲು ಕ್ಲಬ್ಬಿನ ಹಿರಿಯರಾದ ಡೆಸ್ಮಂಡ್ ಬೆರಳ ತುದಿಯಷ್ಟಿದ್ದ ಬೊಂಬೆಯೊಂದನ್ನು ತಂದರು.

"ನೋಡಮ್ಮ ಹೇಜಲ್, ನಿಮ್ಮಪ್ಪ! ಶನಿವಾರ ಪ್ರದರ್ಶನ. ಕ್ಯಾಬಿನ್ ಖಾಲಿ ಬಿಟ್ರೆ ರೈಲು ತನ್ನಷ್ಟಕ್ಕೇ ಯಾರ್ಕಿಗೆ ಹೋಗುತ್ತಾ?"

ಅಮ್ಮ ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ಬರಿಗೈಲಿ ಲಿವರ್ ಹಿಡಿದಿದಾನಲ್ರೀ! ನಮ್ಮವರಿದ್ದಿದ್ರೆ ಇವನನ್ನ ಮೆಟ್ಟಿಲಿಂದ ಕೆಳಕ್ಕೆ ದಬ್ಬಿರೋರು."

ನಿಜ. ಬೆವರು ತಾಗಿದರೆ ಉಕ್ಕು ತುಕ್ಕು ಹಿಡಿಯುವುದೆಂದು ಅಪ್ಪ ಕೈಯಲ್ಲಿ ಬಟ್ಟೆಯಿಲ್ಲದೆ ಸಿಗ್ನಲ್ ಎಳೆಯುವ ಆ ಲಿವರ್ ಮುಟ್ಟಿದವರಲ್ಲ. ಪಾಳಿ ಮುಗಿಸಿದವರು ಆ ಬಟ್ಟೆಯನ್ನು ಲಿವರಿನ ಮೇಲೆ ಮುಂದಿನವರಿಗೆ ಬಿಟ್ಟು ಹೋಗುವುದು ವಾಡಿಕೆ. ಅಪ್ಪನ ಕೊನೆಯ ಪಾಳಿಯ ನಂತರ ಕ್ಯಾಬಿನ್ ಮುಚ್ಚಿತು, ಅಲ್ಲಿಗೆ ಯಾರೂ ಬರಲಿಲ್ಲ. ಅವರ ಕೆಂಪು ಬಟ್ಟೆ ಮನೆಗೆ ಬಂತು. ಅದರಿಂದ ಗೋಧಿಕಾಳಿನಷ್ಟು ಕತ್ತರಿಸಿ ಮಾದರಿಯ ಮೊದಲ ಲಿವರಿಗೆ ಹಾಕಿದ್ದೇನೆ.

"ಅಷ್ಟೇನಾ? ಕೈಗೊಂದು ಚೂರು ಕೆಂಪು ಬಣ್ಣ ಬಳಿದ್ರಾಯ್ತು," ಎಂದರು ಡೆಸ್ಮಂಡ್.

ನಗುತ್ತಿದ್ದ ಅಮ್ಮ ಹಾಗೆಯೇ ಅಳತೊಡಗಿದರು. ನಾನು ಅಳಲಿಲ್ಲ. ಬೊಂಬೆಯ ಮುಖಕ್ಕೆ ಮೀಸೆಯನ್ನೂ ಬರೆದಿದ್ದಾರೆ, ಅಪ್ಪನದೇ ಮೀಸೆ, ಅದೂ…

ಬಟ್ಟೆ ಲಿವರಿನ ಮೇಲಿದೆ; ಅಪ್ಪನ ಪಾಳಿ ಮುಗಿದಿದೆ. ಬೊಂಬೆಯನ್ನು ನಾನು ಒಳಗೆ ನಿಲ್ಲಿಸುವುದಿಲ್ಲ.